ಹತ್ತು ಗಂಟೆಯೊಳಗೆ ಕುರುಕ್ಷೇತ್ರ

ತಿಪಟೂರಿನ ಒಂದು ಪದವಿ ಕಾಲೇಜಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ಊರಿನವರು ಬೆಳಕು ಹರಿಯುವವರೆಗೆ ಆಡುತ್ತಿದ್ದ ಕುರುಕ್ಷೇತ್ರ ನಾಟಕವನ್ನು ಒಂದು ವರ್ಷ ರಾತ್ರಿ ಹತ್ತರೊಳಗೆ ಮುಗಿಸಬೇಕಾಗಿ ಬಂತು. ಹಾಗೆ ಯಾಕಾಯಿತು, ನಾವು ಏನೇನು ಮಾಡಿ ನೋಡಿದೆವು, ಎಲ್ಲೆಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಆ ವರ್ಷ ಸಾಂಸ್ಕೃತಿಕ ಸಮಿತಿಯ ಹೊಣೆ ನನ್ನ ಮೇಲಿತ್ತು, ಆದ್ದರಿಂದ ಇಲ್ಲಿನ ಒಂದೆರಡು ತಪ್ಪು ನನ್ನವೇ. ಊರಿನವರನ್ನು ಪಾತ್ರದ ಹೆಸರಿನಿಂದಲೇ ಕರೆಯುತ್ತೇನೆ. ಆ ಎರಡು ತಿಂಗಳು ಅವರನ್ನು ಎಲ್ಲರೂ ಕರೆಯುವುದೂ ಹಾಗೆಯೇ.

ತಿಪಟೂರು ಎಂದರೆ ಹೊರಗಿನವರಿಗೆ ಕೊಬ್ಬರಿ ಮಾರುಕಟ್ಟೆ. ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಬಿ.ಎಚ್. ರಸ್ತೆಯಲ್ಲಿ ನಿಂತರೆ ಇದು ಕಾಲೇಜುಗಳ ಊರು ಎಂಬುದು ಗೊತ್ತಾಗುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಕಡೆಯ ಬಸ್ಸುಗಳಿಂದಲೂ ರೈಲಿನಿಂದಲೂ ಮಕ್ಕಳು ಇಳಿಯುತ್ತಲೇ ಇರುತ್ತಾರೆ, ಸಂಜೆ ನಾಲ್ಕಾಯಿತೆಂದರೆ ಅದೇ ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಹಾಗಾಗಿ ಕಾಲೇಜಿನ ಯಾವ ಕಾರ್ಯಕ್ರಮವಾದರೂ ಬಸ್ಸಿನ ಹೊತ್ತಿಗೆ ಮುಗಿಯಲೇಬೇಕು. ಊರಿನ ಕಾರ್ಯಕ್ರಮ ಶುರುವಾಗುವುದು ಹಾಲು ಕರೆದು, ಊಟ ಮುಗಿಸಿ, ಒಂಬತ್ತರ ಮೇಲೆ. ಮೈದಾನ ಒಂದೇ ಆದರೂ ನಾನು ಅಲ್ಲಿ ಕೆಲಸಕ್ಕೆ ಸೇರಿ ಏಳು ವರ್ಷವಾಗುವವರೆಗೆ ನನ್ನ ವಿದ್ಯಾರ್ಥಿಗಳೂ ಕಾಂಪೌಂಡಿನ ಆಚೆಯ ಹಳ್ಳಿಯವರೂ ಒಂದೇ ವೇದಿಕೆಯ ಮುಂದೆ ಕೂತಿದ್ದನ್ನು ನಾನು ಕಂಡಿರಲಿಲ್ಲ.

ಈ ಸೀಮೆಯಲ್ಲಿ ನಾಟಕ ನೆನ್ನೆ ಮೊನ್ನೆಯದಲ್ಲ. ಇದೇ ಬಿ.ಎಚ್. ರಸ್ತೆಯಲ್ಲಿ ತುಮಕೂರಿನ ಕಡೆ ಹೋದರೆ ಸಿಗುವ ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲಕ್ಕೆ ಆ ಕಂಪನಿ ಕುರುಕ್ಷೇತ್ರವನ್ನು ನಿಜವಾದ ಆನೆ, ಕುದುರೆಗಳೊಂದಿಗೆ ಆಡಿತು. ಕಂಪನಿಗಳು ಮುಚ್ಚಿದರೂ ಪದ್ಯಗಳು, ಮಟ್ಟುಗಳು, ಏರು ಶ್ರುತಿಯಲ್ಲಿ ಹಾಡುವ ರೂಢಿ ಹಳ್ಳಿಗಳಲ್ಲಿ ಉಳಿದವು. ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ಕೇಳಬೇಕಾಗಿದ್ದರಿಂದ ಶ್ರುತಿ ಏರಿತ್ತು, ಈಗ ಮೈಕಿದೆ, ಶ್ರುತಿ ಮಾತ್ರ ಇಳಿದಿಲ್ಲ. ಹಾಸ್ಟೆಲಿನ ಕಿಟಕಿಗೆ ತಲುಪಿದ್ದು ಈ ಎರಡೂ ಕೂಡಿದ ಸದ್ದು.

ಅರ್ಜಿ

ಹಿಂದಿನ ವರ್ಷ ನಾಟಕ ನಡೆದ ರಾತ್ರಿಯ ಮರುದಿನ ಬೆಳಿಗ್ಗೆ ಹತ್ತಕ್ಕೆ ಸೆಮಿಸ್ಟರ್ ಪರೀಕ್ಷೆಯಿತ್ತು. ಹೆಣ್ಣುಮಕ್ಕಳ ಹಾಸ್ಟೆಲು ಮೈದಾನಕ್ಕೆ ಅಂಟಿಕೊಂಡಂತಿದೆ. ಮರುವರ್ಷ ತಾಲೀಮು ಶುರುವಾದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಹುಡುಗಿಯರು ಪ್ರಾಂಶುಪಾಲರಿಗೂ ಪೊಲೀಸ್ ಠಾಣೆಗೂ ಅರ್ಜಿ ಕೊಟ್ಟರು. ಬರೆದವಳು ನನ್ನ ತರಗತಿಯವಳು. ಅರ್ಜಿ ಚೆನ್ನಾಗಿತ್ತು, ನಾಟಕದ ಬಗ್ಗೆ ಒಂದು ಕೆಟ್ಟ ಮಾತೂ ಅದರಲ್ಲಿರಲಿಲ್ಲ. ‘ನಮಗೆ ನಿದ್ದೆ ಬೇಕು, ಓದಿದ್ದು ನೆನಪಿರಬೇಕು’ ಎಂದಿತ್ತು. ಅದರ ಎದುರು ಯಾರು ಏನು ಹೇಳಲು ಸಾಧ್ಯ?

ಕಾನೂನು ಅವಳ ಕಡೆಗಿತ್ತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಅನುಮತಿಯಿದ್ದರೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ವಾಸದ ಬಡಾವಣೆಗಳಿಗೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರಿಗೆ ಕಡಿಮೆಯಿಲ್ಲದ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಲೂ ಅವಕಾಶವಿದೆ. ಹಬ್ಬ, ಉತ್ಸವಗಳಿಗೆ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಒಂದು ಹಳ್ಳಿಯ ನಾಟಕಕ್ಕಾಗಿ ಅದನ್ನು ಬಳಸುವ ದಾರಿ ನಮಗೆ ತೋಚಲಿಲ್ಲ. ‘ಮೈಕು ಆರಿಸಿ ಆಡ್ತೀವಿ’ ಎಂದು ತಂಡದವರು ಹೇಳಿ ನೋಡಿದರು. ಸಂಗೀತ ವಾದ್ಯಗಳೂ ಅದೇ ನಿಯಮದೊಳಗೆ ಬರುತ್ತವೆ, ಹಾರ್ಮೋನಿಯಂ ಇಲ್ಲದೆ ಕಂದಪದ್ಯ ಎತ್ತುವುದು ಹೇಗೆ? ಠಾಣೆಯವರು ಮರ್ಯಾದೆಯಿಂದಲೇ ಹೇಳಿದರು: ಹತ್ತರವರೆಗೆ ಎಷ್ಟು ಬೇಕಾದರೂ ಆಡಿ.

ಕೆಂಪು ಪೆನ್ನು

ನನಗೆ ಹೊಳೆದ ಪರಿಹಾರ ಸುಲಭದ್ದು. ನಾಟಕದ ಪ್ರತಿಯನ್ನು ಮನೆಗೆ ತಂದು ಎರಡು ರಾತ್ರಿ ಕೂತು ಕೆಂಪು ಪೆನ್ನಿನಲ್ಲಿ ಕತ್ತರಿಸಿದೆ. ಒಂದೇ ಭಾವವನ್ನು ಮೂರು ಪದ್ಯ ಹೇಳುವ ಕಡೆ ಎರಡನ್ನು ಹೊಡೆದೆ. ದುರ್ಯೋಧನನ ದರ್ಬಾರು ಅರ್ಧವಾಯಿತು, ವಿದುರನ ಮನೆಯ ದೃಶ್ಯ ಪೂರ್ತಿ ಹೋಯಿತು. ಸಂಜೆ ಆರಕ್ಕೆ ಶುರು ಮಾಡಿದರೆ ಒಂಬತ್ತೂವರೆಗೆ ಮಂಗಳ ಹಾಡಬಹುದು ಎಂದು ಲೆಕ್ಕ ಹಾಕಿ ಹಾರ್ಮೋನಿಯಂ ಮೇಷ್ಟ್ರ ಮುಂದಿಟ್ಟೆ.

ಮೇಷ್ಟ್ರು ಎಪ್ಪತ್ತರ ಆಚೆಯವರು. ಕನ್ನಡಕ ಏರಿಸಿ ನಿಧಾನವಾಗಿ ಪುಟ ತಿರುವಿದರು. ಆಮೇಲೆ ಕಿವಿಯ ಮೇಲಿದ್ದ ಸೀಸದ ಕಡ್ಡಿ ತೆಗೆದು, ನಾನು ಹೊಡೆದ ಒಂದೊಂದು ಪದ್ಯದ ಪಕ್ಕದಲ್ಲೂ ಒಂದೊಂದು ಹೆಸರು ಬರೆಯತೊಡಗಿದರು.

‘ಮೇಡಂ, ನೀವು ಪದ್ಯ ಹೊಡೆದಿದ್ದೀರಿ ಅಂದ್ಕೊಂಡಿದ್ದೀರಿ. ಇದು ಟೈಲರ್‌ದು. ಇವೆರಡು ಲೈನ್‌ಮನ್‌ದು. ವಿದುರನ ಸೀನು ತೆಗೆದ್ರಲ್ಲ, ಅದು ಅಂಗನವಾಡಿ ಪಕ್ಕದ ಮನೆಯೋನ್ದು, ಅವನು ನಾಲ್ಕು ವರ್ಷದಿಂದ ಕಾಯ್ತಿದ್ದ.’

ನಾನು ಈ ಜಿಲ್ಲೆಯವಳೇ ಆಗಿದ್ದೂ ತಿಳಿಯದಿದ್ದ ಸಂಗತಿ ಅದು, ಇಡೀ ಪ್ರಕರಣದ ಗಂಟು ಇರುವುದೂ ಅಲ್ಲೇ. ನಮ್ಮ ಕಡೆಯ ಪೌರಾಣಿಕ ನಾಟಕಕ್ಕೆ ಟಿಕೆಟಿಲ್ಲ. ನೋಡುವವರು ಒಂದು ಪೈಸೆ ಕೊಡುವುದಿಲ್ಲ, ಆಡುವವರೇ ದುಡ್ಡು ಕೊಡುತ್ತಾರೆ. ಸೀನರಿ, ಲೈಟು, ಮೈಕ್ ಸೆಟ್, ಶಾಮಿಯಾನ, ಮೇಕಪ್ಪು, ಉಡುಗೆ, ತಿಂಗಳುಗಟ್ಟಲೆ ತಾಲೀಮು ಕೊಡಿಸುವ ಮೇಷ್ಟ್ರ ಸಂಭಾವನೆ, ತಬಲಾದವರು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ, ಇಷ್ಟನ್ನೂ ಕೂಡಿಸಿ ಪಾತ್ರಗಳ ಮೇಲೆ ಹಂಚುತ್ತಾರೆ. ಕೃಷ್ಣ, ದುರ್ಯೋಧನರಿಗೆ ಎಲ್ಲಕ್ಕಿಂತ ಹೆಚ್ಚು, ದೂತನಿಗೆ ಕಡಿಮೆ. ಕೃಷ್ಣನಾಗಬೇಕೆಂಬ ಆಸೆ ಹಲವರಿಗೆ ಇರುವುದರಿಂದ ಆ ಪಾತ್ರವನ್ನೇ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ದೃಶ್ಯಕ್ಕೊಬ್ಬರಂತೆ ಹಂಚುವುದುಂಟು. ಮೇಷ್ಟ್ರ ನೋಟ್‌ಪುಸ್ತಕದಲ್ಲಿ ಯಾರು ಎಷ್ಟು ಕೊಟ್ಟರು, ಯಾರ ಬಾಕಿ ಎಷ್ಟು ಎಂಬುದೆಲ್ಲ ಇತ್ತು. ಕೆಲವು ಬಾಕಿಗಳ ಮುಂದೆ ‘ಕೊಬ್ಬರಿ ಮಾರಿದ ಮೇಲೆ’ ಎಂದು ಬರೆದಿತ್ತು. ಕಾಯಿ ಅಟ್ಟದ ಮೇಲೆ ಹತ್ತಾರು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆ ಸೇರಿದ ಮೇಲೆ ಬರುವ ದುಡ್ಡು ಅದು.

ಹೀಗಿರುವಾಗ ಅವಧಿ ಕಡಿಮೆ ಮಾಡಲೆಂದು ಪದ್ಯ ಕಿತ್ತರೆ ಒಬ್ಬ ಮನುಷ್ಯ ದುಡ್ಡು ಕೊಟ್ಟು, ಚಳಿಗಾಲದ ರಾತ್ರಿಗಳನ್ನು ಕೊಟ್ಟು ಸಂಪಾದಿಸಿದ್ದನ್ನು ಕಿತ್ತಂತೆ. ಸಾಹಿತ್ಯ ಓದಿದ ನಾನು ಪ್ರತಿಯಲ್ಲಿ ಪುನರುಕ್ತಿ ಕಂಡೆ. ಆ ಪುನರುಕ್ತಿಯಿಂದಲೇ ಇಪ್ಪತ್ತನಾಲ್ಕು ಮಂದಿಗೆ ತಲಾ ಇಷ್ಟು ಹಾಡು ಸಿಕ್ಕಿತ್ತು. ಕೆಂಪು ಶಾಯಿಯ ಪ್ರತಿ ಈಗಲೂ ನನ್ನ ಬೀರುವಿನಲ್ಲಿದೆ.

ಸಭಾಂಗಣದ ಯೋಚನೆ ಬೇಗ ಬಿದ್ದುಹೋಯಿತು. ಮುಚ್ಚಿದ ಸಭಾಂಗಣಕ್ಕೆ ಹತ್ತರ ನಿರ್ಬಂಧವಿಲ್ಲ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಕಡೆ ಪೌರಾಣಿಕ ನಾಟಕ ಆಡುವ ತಂಡಗಳೂ ಇವೆ. ಆದರೆ ನಮ್ಮ ಕಾಲೇಜಿನ ಹಾಲಿನಲ್ಲಿ ಮುನ್ನೂರು ಕುರ್ಚಿ. ‘ಚಾಪೆ ಎಲ್ಲಿ ಹಾಸೋದು, ಮಕ್ಕಳನ್ನ ಎಲ್ಲಿ ಮಲಗಿಸೋದು?’ ಎಂದು ಹಿರಿಯರೊಬ್ಬರು ಕೇಳಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಎರಡು ಸಂಜೆ ಆಡಿದರೆ ಸೀನರಿ, ಲೈಟಿನ ಬಾಡಿಗೆ ಎರಡರಷ್ಟು.

ಗಡಿಯಾರ ಹಿಡಿದು

ಹಿಂದಿನ ವರ್ಷದ ನಾಟಕವನ್ನು ಊರಿನ ಹುಡುಗನೊಬ್ಬ ವಿಡಿಯೊ ಮಾಡಿದ್ದ. ಅದನ್ನು ತರಿಸಿಕೊಂಡು, ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಪೂರ್ತಿ ನೋಡಿದೆ. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಆ ರಾತ್ರಿಯ ಬಹಳಷ್ಟು ಹೊತ್ತು ನಾಟಕವೇ ಇರಲಿಲ್ಲ. ಪರದೆ ಏಳುವ ಮೊದಲು ಗಣ್ಯರ ಭಾಷಣವೇ ಒಂದು ಗಂಟೆ ದಾಟಿತ್ತು. ಆಮೇಲೆ ಪ್ರತಿ ದೃಶ್ಯದ ನಡುವೆ ಹಾರ, ಶಾಲು, ‘ಒಂದನೇ ಕೃಷ್ಣನ ಪಾತ್ರಧಾರಿಗೆ ಅವರ ಭಾವಮೈದುನರು ನೂರ ಒಂದು ರೂಪಾಯಿ ಕೊಟ್ಟು ಹರಸಿದ್ದಾರೆ’ ಎಂಬ ಘೋಷಣೆಗಳು. ಧರ್ಮರಾಯ ವನವಾಸದ ದುಃಖ ಹಾಡುತ್ತಿದ್ದಾಗಲೇ ನಾಲ್ಕು ಜನ ವೇದಿಕೆ ಹತ್ತಿ ಅವನ ಕೊರಳಿಗೆ ಸುಗಂಧರಾಜದ ಹಾರ ಹಾಕಿ, ಫೋಟೊ ತೆಗೆಸಿಕೊಂಡು ಇಳಿದರು.

ಹಾರವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ವರ್ಷವಿಡೀ ಕಂಬ ಹತ್ತಿ ಬೈಸಿಕೊಳ್ಳುವ ಲೈನ್‌ಮನ್‌ಗೆ ಅವನ ನೆಂಟರು ನೂರಾರು ಜನರ ಮುಂದೆ ಹಾರ ಹಾಕುವ ದಿನ ಅದೊಂದೇ. ಆದರೂ ಪದ್ಯ ಕೀಳುವುದೋ ಹಾರ ನಿಲ್ಲಿಸುವುದೋ ಎಂದು ಮುಂದಿಟ್ಟಾಗ ತಂಡದವರೇ ಹಾರ ನಿಲ್ಲಿಸೋಣ ಎಂದರು. ಹಾರಗಳನ್ನು ಮೇಕಪ್ ಕೋಣೆಯಲ್ಲೇ ಹಾಕುವುದು, ಭಾಷಣ ಬೇಡ, ಹಣದ ಘೋಷಣೆ ಕೊನೆಗೆ ಒಟ್ಟಿಗೆ, ಮಧ್ಯಾಹ್ನ ಒಂದಕ್ಕೆ ಪರದೆ ಏಳಿಸುವುದು ಎಂದು ಒಪ್ಪಂದವಾಯಿತು. ಒಂದೂ ಪದ್ಯ ಬಿಡಬೇಕಾಗಿರಲಿಲ್ಲ.

ಆಗ ಒಂದನೇ ಕೃಷ್ಣ ಎದ್ದು ನಿಂತರು. ಶಾಲಾ ವ್ಯಾನು ಓಡಿಸುವವರು. ಅವರ ದೃಶ್ಯ ಮೊದಲಿನದು, ಉರಿಬಿಸಿಲಿನದು. ಹೊಲ, ತೋಟ ಬಿಟ್ಟು ಆ ಹೊತ್ತಿಗೆ ಯಾರು ಬರುತ್ತಾರೆ? ಮಧ್ಯಾಹ್ನದ ಪಾತ್ರಗಳಿಗೆ ದುಡ್ಡು ಕಡಿಮೆ ಮಾಡಿ, ಆ ಭಾರವನ್ನು ಸಂಜೆಯ ಪಾತ್ರಗಳ ಮೇಲೆ ಹಾಕೋಣ ಎಂದು ಮೇಷ್ಟ್ರು ಸೂಚಿಸಿದರು, ಸಂಜೆಯವರು ಗೊಣಗಿದರು. ‘ದುಡ್ಡು ಕಮ್ಮಿ ಮಾಡ್ಬೇಡಿ ಮೇಷ್ಟ್ರೇ, ಎದುರಿಗೆ ಜನ ಕೂರ್ಸಿ’ ಎಂದರು ಕೃಷ್ಣ.

ಮಧ್ಯಾಹ್ನ ಒಂದಕ್ಕೆ ಊರಲ್ಲಿ ಬಿಡುವಾಗಿರುವ ಜನವೆಂದರೆ ನನ್ನ ವಿದ್ಯಾರ್ಥಿಗಳು.

ಹನ್ನೆರಡು ಮಾತ್ರೆ, ಇಪ್ಪತ್ತು ಮಾತ್ರೆ

ಕೂರಿಸಿದರೆ ಸಾಲದು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಎಲ್ಲಿ ‘ಒನ್ಸ್ ಮೋರ್’ ಕೂಗಬೇಕೆಂದು ತಿಳಿಯದವರ ಎದುರು ಹಾಡುವುದು ಖಾಲಿ ಕುರ್ಚಿಯ ಎದುರು ಹಾಡುವುದಕ್ಕಿಂತ ಕಷ್ಟವಂತೆ. ಆರು ಮಧ್ಯಾಹ್ನ ಅವರು ನನ್ನ ತರಗತಿಗೆ ಬಂದರು, ಲೆಗ್ ಹಾರ್ಮೋನಿಯಂ ಅನ್ನು ಆಟೊದಲ್ಲಿ ಹೇರಿಕೊಂಡು.

ಕಂದಪದ್ಯವನ್ನು ನಾನು ವರ್ಷವರ್ಷವೂ ಪಾಠ ಮಾಡುತ್ತೇನೆ. ಒಂದು ಮತ್ತು ಮೂರನೇ ಸಾಲಿಗೆ ಹನ್ನೆರಡು ಮಾತ್ರೆ, ಎರಡು ಮತ್ತು ನಾಲ್ಕನೆಯದಕ್ಕೆ ಇಪ್ಪತ್ತು, ನಾಲ್ಕು ಮಾತ್ರೆಗೊಂದು ಗಣ. ಮಕ್ಕಳು ಲಘು ಗುರು ಗುರುತು ಹಾಕಿ ಅಂಕ ತೆಗೆಯುತ್ತಾರೆ. ಮೇಷ್ಟ್ರು ಬೋರ್ಡಿನ ಮೇಲಿದ್ದ ಒಂದು ಕಂದವನ್ನು ನೋಡಿ, ಕಾಲಲ್ಲಿ ತಿದಿ ಒತ್ತುತ್ತಾ, ಮೊದಲ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸಿ ಎರಡನೆಯದಕ್ಕೆ ಉದ್ದಕ್ಕೆ ಎಳೆದರು. ಗಿಡ್ಡ ಸಾಲಿನಲ್ಲಿ ಪಾತ್ರ ಉಸಿರು ಕಟ್ಟಿಕೊಳ್ಳುತ್ತದೆ, ಉದ್ದ ಸಾಲಿನಲ್ಲಿ ಬಿಡುತ್ತದೆ ಎಂದರು. ಅದೇ ಕಂದವನ್ನು ಕೋಪಕ್ಕೊಂದು ಮಟ್ಟು, ಅಳುವಿಗೊಂದು ಮಟ್ಟು ಹಿಡಿದು ಹಾಡಿದರು. ನಾಲ್ಕನೇ ಸಾಲಿನ ಕೊನೆಯಲ್ಲಿ ಸ್ವರ ಮೇಲಕ್ಕೆ ಹೋಗಿ ನಿಂತು ಇಳಿದ ಮೇಲೆ ಅರೆ ಕ್ಷಣ ಬಿಟ್ಟು ಕೂಗಬೇಕು, ಮೊದಲೇ ಕೂಗಿದರೆ ಹಾಡುವವನ ಬಾಯಿಂದ ಕಿತ್ತುಕೊಂಡಂತೆ ಎಂದು ಹೇಳಿಕೊಟ್ಟರು. ಹನ್ನೆರಡು ಯಾಕೆ, ಇಪ್ಪತ್ತು ಯಾಕೆ ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಆರನೇ ದಿನ ಇಬ್ಬರು ಹುಡುಗಿಯರು ತಮಗೂ ಪಾತ್ರ ಬೇಕೆಂದರು. ಉತ್ತರೆ, ದ್ರೌಪದಿ ಎಂದು ನಾನು ಉತ್ಸಾಹದಿಂದ ಹೇಳಿಬಿಟ್ಟೆ. ಮೇಷ್ಟ್ರು ಸುಮ್ಮನಾದರು. ಮರುದಿನ ಫೋನು ಬಂತು, ಉತ್ತರೆ, ಕುಂತಿ ಪಾತ್ರಗಳಿಗೆ ಬರಬೇಕಿದ್ದ ಕಲಾವಿದೆಯಿಂದ. ಹದಿನೆಂಟು ವರ್ಷದಿಂದ ಇದೇ ಕಸುಬು. ಇಡೀ ನಾಟಕ ಬಾಯಿಪಾಠ, ಯಾವ ಊರಿಗೆ ಕರೆದರೂ ಸಂಜೆ ಬಂದು, ಬಣ್ಣ ಹಚ್ಚಿ, ಬೆಳಿಗ್ಗೆ ಬಸ್ಸು ಹಿಡಿಯುತ್ತಾರೆ. ‘ಶಿವರಾತ್ರಿಯಿಂದ ಮಳೆಗಾಲದವರೆಗೆ ನಮ್ಮ ದುಡಿಮೆ, ಮೇಡಂ. ಹುಡ್ಗೀರು ಕಲೀಲಿ, ಬೇಡ ಅನ್ನಲ್ಲ. ನನ್ನ ಒಂದು ದಿನ ಹೋಗುತ್ತಲ್ಲ?’ ಅಂದರು.

ನಾನು ಕೊಡುಗೆ ಎಂದುಕೊಂಡದ್ದು ಇನ್ನೊಬ್ಬ ಹೆಣ್ಣುಮಗಳ ಕೂಲಿಯಾಗಿತ್ತು. ದಾರಿ ತೋರಿಸಿದವರೂ ಆ ಕಲಾವಿದೆಯೇ. ಅಭಿಮನ್ಯುವಿನ ಪಾತ್ರಕ್ಕೆ ಆ ವರ್ಷ ಯಾರೂ ಮುಂದೆ ಬಂದಿರಲಿಲ್ಲ. ‘ಅಭಿಮನ್ಯು ಮಾಡಿಸಿ. ನಾನು ಉತ್ತರೆ, ಪಕ್ಕದಲ್ಲೇ ಇರ್ತೀನಿ.’ ಇಬ್ಬರಲ್ಲಿ ಒಬ್ಬಳು ಹಿಂದೆ ಸರಿದಳು. ಇನ್ನೊಬ್ಬಳು, ಬಿ.ಕಾಂ. ಎರಡನೇ ವರ್ಷದವಳು, ಒಪ್ಪಿದಳು. ಪಾತ್ರದ ದುಡ್ಡನ್ನು ತಂಡ ಅರ್ಧಕ್ಕೆ ಇಳಿಸಿತು, ಉಳಿದರ್ಧವನ್ನು ತರಗತಿ ಚಂದಾ ಎತ್ತಿ ಕೊಟ್ಟಿತು. ಬಿಟ್ಟಿಯಾಗಿ ಕೊಡುವುದು ಬೇಡ ಎಂದವಳು ಅವಳೇ.

ಆ ದಿನ

ಯುಗಾದಿಗೆ ಎರಡು ವಾರ ಮುಂಚಿನ ಶನಿವಾರ. ಒಂದಕ್ಕೆ ಏಳಬೇಕಿದ್ದ ಪರದೆ ಒಂದೂ ಇಪ್ಪತ್ತಕ್ಕೆ ಎದ್ದಿತು. ಹಗಲಿನಲ್ಲಿ ಅರಮನೆಯ ಸೀನರಿ ಬಣ್ಣಗೆಟ್ಟ ಗೋಡೆಯಂತೆ ಕಂಡಿತು. ಕೊಬ್ಬರಿ ಮಂಡಿಯಿಂದ ಟಾರ್ಪಾಲು ತಂದು ಮೂರು ಕಡೆ ಕಟ್ಟಿದ ಮೇಲೆ ಲೈಟಿಗೆ ಸ್ವಲ್ಪ ಜೀವ ಬಂತು, ಒಳಗೆ ಕಾವೂ ಹೆಚ್ಚಿತು. ಒಂದನೇ ಕೃಷ್ಣನ ಎದುರು ಮುನ್ನೂರು ಮಂದಿ ವಿದ್ಯಾರ್ಥಿಗಳಿದ್ದರು. ಮೊದಲ ಕಂದಕ್ಕೆ ಅವಸರದಲ್ಲಿ ಕೂಗಿದರು, ಎರಡನೆಯದಕ್ಕೆ ತಡವಾಯಿತು. ಮೂರನೆಯದರಲ್ಲಿ ಸ್ವರ ಇಳಿದು, ಅರೆ ಕ್ಷಣ ಕಳೆದು, ಇಡೀ ಶಾಮಿಯಾನ ಒಂದೇ ಬಾಯಲ್ಲಿ ‘ಒನ್ಸ್ ಮೋರ್’ ಎಂದಿತು. ಮೇಷ್ಟ್ರು ನನ್ನ ಕಡೆ ತಿರುಗಿ ತಲೆದೂಗಿದರು. ವ್ಯಾನಿನ ಕೃಷ್ಣ ಅದನ್ನು ಎರಡು ಸಲ ಹಾಡಿದರು.

ನಾಲ್ಕಕ್ಕೆ ಬಸ್ಸಿನ ಹೊತ್ತಾಯಿತು, ಮಕ್ಕಳು ಎದ್ದರು. ಹಳ್ಳಿಯವರಿಗೆ ಅದು ಹಾಲು ಕರೆದು ಡೈರಿಗೆ ಹಾಕುವ ಹೊತ್ತು. ನಾಲ್ಕರಿಂದ ಆರರವರೆಗಿನ ಎರಡು ಗಂಟೆಯನ್ನು ನಾವ್ಯಾರೂ ಯೋಚಿಸಿರಲಿಲ್ಲ. ವಿದುರನ ಮನೆಯ ದೃಶ್ಯ ಬಿದ್ದದ್ದು ಆ ಹೊಂಡಕ್ಕೇ. ನಾಲ್ಕು ವರ್ಷ ಕಾದಿದ್ದವರು ಹತ್ತಿಪ್ಪತ್ತು ಜನರ ಮುಂದೆ ಹಾಡಿ ಇಳಿದರು. ಅವರು ಯಾರಿಗೂ ಏನೂ ಹೇಳಲಿಲ್ಲ. ನಾನು ಕೆಂಪು ಪೆನ್ನಿನಲ್ಲಿ ಹೊಡೆದದ್ದೂ ಆ ದೃಶ್ಯವನ್ನೇ ಎಂಬುದು ನನಗೆ ಆಗ ನೆನಪಾಯಿತು.

ಆರೂವರೆಯ ಹೊತ್ತಿಗೆ ಮೈದಾನ ತುಂಬಿತು. ಚಾಪೆಗಳು ಬಂದವು. ಕರ್ಣನ ಪಾತ್ರದವರು ಕುಂತಿಯ ಎದುರು ಹಾಡಿದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಕರ್ಣನ ಊರಿನವರು ಒಂದು ಟೆಂಪೊ ತುಂಬ ಬಂದರು. ಅವರಿಗೆ ಒಪ್ಪಂದದ ಸುದ್ದಿ ಗೊತ್ತಿರಲಿಲ್ಲ. ಹಾರ ಹಿಡಿದು ವೇದಿಕೆ ಹತ್ತಿದವರನ್ನು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅವರನ್ನು ಕಂಡು ಅರ್ಜುನನ ಕಡೆಯವರೂ ಹತ್ತಿದರು. ಮೂವತ್ತೈದು ನಿಮಿಷ ಹೋಯಿತು.

ಅಭಿಮನ್ಯು ಬಂದಾಗ ಎಂಟು ದಾಟಿತ್ತು. ಹಾಸ್ಟೆಲಿನ ಮಹಡಿಯ ಮೇಲೆ ಹುಡುಗಿಯರು ಸಾಲಾಗಿ ನಿಂತಿದ್ದರು. ಅವಳ ಶ್ರುತಿ ಗಂಡಸರ ಶ್ರುತಿಗಿಂತ ಬೇರೆಯಾದ್ದರಿಂದ ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿಯ ಮನೆ ಬದಲಿಸಿ ನುಡಿಸಿದರು. ಯುದ್ಧಕ್ಕೆ ಹೊರಟವನನ್ನು ಉತ್ತರೆ ತಡೆಯುವ ಕಡೆ ಅವಳಿಗೆ ಮಾತು ಮರೆಯಿತು. ಉತ್ತರೆ ಅವಳ ತೋಳು ಹಿಡಿದು ತನ್ನ ಮಾತಿನೊಳಗೇ ಅವಳ ಮಾತಿನ ಮೊದಲ ಪದ ಸೇರಿಸಿ ಹೇಳಿದರು. ಕೆಳಗೆ ಕೂತವರಿಗೆ ಏನೂ ತಿಳಿಯಲಿಲ್ಲ. ಹದಿನೆಂಟು ವರ್ಷದ ಕಸುಬು ಎಂದರೆ ಏನೆಂದು ನಾನು ಕಂಡದ್ದು ಅಲ್ಲಿ.

ಒಂಬತ್ತೂ ಐವತ್ತಕ್ಕೆ ಕರ್ಣ ಬಿದ್ದ. ಇನ್ನು ಉಳಿದದ್ದು ಕೊನೆಯ ದೃಶ್ಯ: ವೈಶಂಪಾಯನ ಸರೋವರ, ದುರ್ಯೋಧನನ ಏಕಾಂತ, ಗದಾಯುದ್ಧ. ಅದಕ್ಕೆ ನಲವತ್ತು ನಿಮಿಷ ಬೇಕು. ಪೇದೆ ಏನೂ ಹೇಳದೆ ಮೈಕ್ ಸೆಟ್ಟಿನವನ ಪಕ್ಕ ಬಂದು ನಿಂತರು. ಮೇಷ್ಟ್ರು ಒಮ್ಮೆ ಹಾಸ್ಟೆಲಿನ ದೀಪಗಳ ಕಡೆ ನೋಡಿ ಮಂಗಳ ಎತ್ತಿದರು. ಹತ್ತಕ್ಕೆ ಮೈಕು ಆರಿತು. ಮೂರನೇ ದುರ್ಯೋಧನ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು, ಗದೆಯನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯ ಹಿಂದೆ ಕೂತೇ ಇದ್ದರು.

ನಂತರ

ಈಗಲೂ ನನ್ನ ಅಭಿಪ್ರಾಯ: ಹುಡುಗಿಯರ ಅರ್ಜಿ ಸರಿಯಾಗಿತ್ತು, ಪರೀಕ್ಷೆಯ ಕಾಲದಲ್ಲಿ ಹಾಸ್ಟೆಲಿನ ಕಿಟಕಿಯ ಕೆಳಗೆ ಬೆಳಗಿನವರೆಗೆ ನಾಟಕ ಆಡಬಾರದು. ನಾವು ತಪ್ಪಿದ್ದು ಬೇರೆ ಕಡೆ. ಸಂಕ್ರಾಂತಿಗೆ ತಂಡದವರು ಕಾಯಿ ಒಡೆದು ತಾಲೀಮು ಶುರು ಮಾಡುವ ದಿನವೇ ಕಾಲೇಜಿನ ವೇಳಾಪಟ್ಟಿ ಹಿಡಿದು ಯಾರಾದರೂ ಅಲ್ಲಿ ಕೂತಿದ್ದರೆ ಪರೀಕ್ಷೆಯ ವಾರ ತಪ್ಪಿಸಿ, ನಾಲ್ಕರಿಂದ ಆರರ ಹೊಂಡವನ್ನೂ ಲೆಕ್ಕಕ್ಕೆ ಹಿಡಿದು, ಬಿಡುವು ಕೊಟ್ಟೋ ದೃಶ್ಯ ಹೊಂದಿಸಿಯೋ ದಾರಿ ಕಾಣಬಹುದಿತ್ತು. ಕರ್ಣನ ನೆಂಟರಿಗೂ ಮುಂಚೆಯೇ ಸುದ್ದಿ ಮುಟ್ಟಿಸಬಹುದಿತ್ತು. ಈಗ ಆ ದಿನ ಸಮಿತಿಯಿಂದ ಇಬ್ಬರು ಹೋಗುತ್ತೇವೆ.

ನಾಟಕದ ಮೂರನೇ ದಿನ ಮೇಷ್ಟ್ರೂ ನಾನೂ ಮೂರನೇ ದುರ್ಯೋಧನರ ಮನೆಗೆ ಹೋದೆವು. ಕಾಯಿ ಸುಲಿಸುತ್ತಿದ್ದರು. ಅವರ ಪಾತ್ರದ ದುಡ್ಡನ್ನು ಕವರಿನಲ್ಲಿಟ್ಟು ತಂದಿದ್ದೆವು. ಅವರು ಮುಟ್ಟಲಿಲ್ಲ. ಮುಂದಿನ ವಾರ ಕಾಲೇಜಿನ ವಾರ್ಷಿಕೋತ್ಸವವಿದೆ, ಆ ದೃಶ್ಯವೊಂದನ್ನೇ ಅಲ್ಲಿ ಆಡಿ, ನಮ್ಮ ಮಕ್ಕಳಿಗೆ ಈಗ ಕೇಳಲು ಬರುತ್ತದೆ ಎಂದು ನಾನು ಕೇಳಿಕೊಂಡೆ.

‘ಬೇಡಿ ಮೇಡಂ. ನಮ್ಮಮ್ಮ ಅವತ್ತು ಚಾಪೆ ಮೇಲೆ ಕೂತು ಕಾಯ್ತಿದ್ಲು. ನಮ್ಮೂರೋರು ನೋಡ್ಬೇಕಿತ್ತು’ ಎಂದರು.

ಕಾಫಿ ಕೊಟ್ಟರು. ಹೊರಡುವಾಗ ಮೇಷ್ಟ್ರು ಜೋಳಿಗೆಯಿಂದ ನೋಟ್‌ಪುಸ್ತಕ ತೆಗೆದು, ಹೊಸ ಹಾಳೆಯ ಮೊದಲ ಸಾಲಿನಲ್ಲಿ ಅವರ ಹೆಸರು ಬರೆದು, ಎದುರಿಗೆ ‘ದುರ್ಯೋಧನ, ಕೊನೆ ಸೀನು, ದುಡ್ಡು ಬಂದಿದೆ’ ಎಂದು ಬರೆದುಕೊಂಡರು.